ಒದರುವ ಬೋರ್ಡ್

ಕೋವಿಡ್ ಮುಗಿದು ಅಂಗಡಿಗಳಿಗೆ ಮತ್ತೆ ಜನ ಬರತೊಡಗಿದ್ದ ವರ್ಷ. ಆರ್.ಟಿ. ನಗರದಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ನನ್ನದು. ಇದೇ ಕಸುಬಿನಲ್ಲಿ ತಲೆ ಬೆಳ್ಳಗಾದವನು ನಾನು. ಗಿರಾಕಿ ಬಾಯಿ ಬಿಡುವ ಮೊದಲೇ ಅವನಿಗೆ ಯಾವ ಮದರ್‌ಬೋರ್ಡ್ ಬೇಕೆಂದು ಹೇಳಿಬಿಡುವ ಚಟ.

ಒಂದು ಮಧ್ಯಾಹ್ನ ಬಸವರಾಜ್ ಬಂದರು. ಗದಗದ ಕಡೆಯವರು, ವಾಸ ಶೆಟ್ಟಿಹಳ್ಳಿ, ಯಶವಂತಪುರದ ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ. ಮನೆಗೊಂದು ಡೆಸ್ಕ್‌ಟಾಪ್ ಬೇಕು, ಅದನ್ನು ತಾನೇ ಕೈಯಾರೆ ಜೋಡಿಸಬೇಕು ಎಂದರು. ಹೊಸ ಮಾದರಿಯ ಬೋರ್ಡೊಂದನ್ನು ಮುಂದಿಟ್ಟೆ. ಯಾವ ಭಾಗ ಕೈಕೊಟ್ಟಿದೆಯೆಂದು ಅದು ಪುಟ್ಟ ದೀಪ ಹೊತ್ತಿಸಿ ತೋರಿಸುತ್ತದೆ.

"ದೀಪದ್ದ ಬ್ಯಾಡ್ರಿ ಸರ. ಒದರೂ ಬೋರ್ಡ್ ಕೊಡ್ರಿ."

ಒದರುವುದೆಂದರೆ ಅವರ ಕಡೆ ಕೂಗುವುದು. ಹಿಂದೆಲ್ಲ ಕಂಪ್ಯೂಟರ್ ಕೆಟ್ಟರೆ ಬೀಪ್ ಸದ್ದು ಬರುತ್ತಿತ್ತು. ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಸಡಿಲವಾದರೆ ಒಂದು ಬಗೆ, ಮಾನಿಟರ್ ಸಿಗದಿದ್ದರೆ ಇನ್ನೊಂದು ಬಗೆ. ಈಗಿನ ಎಷ್ಟೋ ಬೋರ್ಡುಗಳಲ್ಲಿ ಆ ವ್ಯವಸ್ಥೆಯೇ ಇಲ್ಲ.

"ಯಾವ ಕಾಲದಲ್ಲಿದ್ದೀರಿ ಗುರುಗಳೇ? ಕಣ್ಣಿಗೆ ಕಾಣೋ ದೀಪ ಬಿಟ್ಟು ಆ ಪೀಪಿ ಯಾಕ್ರೀ?" ಎಂದು ರೇಗಿಸಿದೆ.

ಅವರೂ ನಕ್ಕರು. "ಕಣ್ಣ ಹೊಂಟಾವ್ರಿ ಸರ. ಭಾಳ ದಿನಾ ಇಲ್ಲ ಅಂದಾರ ಡಾಕ್ಟರು. ಹೆಂಡ್ತಿ ಗಾರ್ಮೆಂಟ್ಸ್‌ಗೆ ಹೋದ್ಮ್ಯಾಲ ಮನ್ಯಾಗ ನಾನೊಬ್ಬಾವ. ಮಷಿನ್‌ಗೆ ಏನಾತಂತ ಕೇಳಾಕ ಓಣಿ ಮಂದೀನ್ನ ಕರೀಬಾರ್ದು ನೋಡ್ರಿ."

ದೀಪದ ಬೋರ್ಡನ್ನು ಎತ್ತಿಟ್ಟೆ. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಅನ್ನು ಅವರು ಆಗಲೇ ಕಲಿಯುತ್ತಿದ್ದರು. ಕಣ್ಣು ಹೋದರೂ ಮನೆಯಲ್ಲೇ ಟೈಪಿಂಗ್ ಮಾಡಿ ದುಡಿಯಬೇಕೆಂಬ ಹಟ. ಆದರೆ ಆ ಸಾಫ್ಟ್‌ವೇರ್ ಮಾತಾಡುವುದು ಕಂಪ್ಯೂಟರ್ ಪೂರ್ತಿ ಆನ್ ಆದ ಮೇಲೆ. ಅದಕ್ಕೂ ಮೊದಲೇ ಕೆಟ್ಟು ನಿಂತರೆ ಬರೀ ಮೌನ.

ನಾಲ್ಕಾರು ಅಂಗಡಿಗಳಿಗೆ ಫೋನ್ ಮಾಡಿ, ಬೀಪ್ ಸದ್ದು ಮಾಡುವ ಬಜರ್ ಸಿಕ್ಕಿಸಬಹುದಾದ ಹಳೆಯ ಮಾದರಿಯ ಬೋರ್ಡೊಂದನ್ನು ತರಿಸಿದೆ. ಬಜರ್ ಅಂಗಿಯ ಗುಂಡಿಯಷ್ಟಿರುತ್ತದೆ. ನನ್ನ ಮೇಜಿನ ಮೇಲೆ ಬಸವರಾಜ್ ಇಡೀ ಕಂಪ್ಯೂಟರನ್ನು ಒಮ್ಮೆ ನೋಡಿಕೊಂಡು ಜೋಡಿಸಿದರು. ಮತ್ತೆ ಬಿಚ್ಚಿ, ಕಣ್ಣು ಮುಚ್ಚಿಕೊಂಡು ಜೋಡಿಸಿದರು. ರ‍್ಯಾಮ್ ಪಟ್ಟಿಯ ಕಚ್ಚನ್ನು ಹೆಬ್ಬೆರಳು ಹುಡುಕುವಾಗ ಅವರ ಹಣೆಯೆಲ್ಲ ಬೆವೆತಿತ್ತು. ನೋಡಲಾರದೆ ಟೀ ತರುವ ನೆಪ ಹೇಳಿ ಹೊರಗೆ ಹೋಗಿ ನಿಂತೆ.

ಕಳೆದ ವರ್ಷ ಯುಗಾದಿ ಕಳೆದ ಮೇಲೆ ಅವರ ಫೋನ್ ಬಂತು. "ಸರ, ಬೋರ್ಡ್ ಒದರಾಕ ಹತ್ತೇತ್ರಿ. ಕೇಳ್ರಿ ಸ್ವಲ್ಪ."

ಮತ್ತೊಮ್ಮೆ ಆನ್ ಮಾಡಿ, ಫೋನನ್ನು ಯಂತ್ರದ ಹತ್ತಿರ ಹಿಡಿದರು. ಒಂದು ಉದ್ದ ಬೀಪ್, ಮೂರು ಚಿಕ್ಕವು. ಆ ಬೋರ್ಡಿನ ಭಾಷೆಯಲ್ಲಿ, ಮಾನಿಟರ್ ಸಿಗುತ್ತಿಲ್ಲ ಎಂದರ್ಥ.

"ಗಾಬರಿ ಬೇಡ. ಮಾನಿಟರ್ ವೈರ್ ಬಿಚ್ಕೊಂಡಿರುತ್ತೆ, ಹಿಂದೆ ಕೈಯಾಡ್ಸಿ ನೋಡಿ."



"ಮಾನಿಟರ್ ನಾನ ತಗದಿಟ್ಟೀನ್ರಿ. ಇನ್ನ ಅದ್ಯಾಕ? ಸುಮ್ನ ಟೇಬಲ್ ಮ್ಯಾಲ ಜಾಗಾ ಹಿಡದಿತ್ತು."

ಎದುರಿಗೆ ಗಿರಾಕಿ ನಿಂತಿದ್ದರೂ ಕಣ್ಣು ಒರೆಸಿಕೊಂಡೆ. ಏನೂ ಕೆಟ್ಟಿಲ್ಲ, ಮಾನಿಟರ್ ಇಲ್ಲದೆಯೂ ಆನ್ ಆಗುತ್ತದೆ, ಸ್ವಲ್ಪ ತಾಳಿ ಎಂದೆ. ಇಬ್ಬರೂ ಕಾದೆವು. ಕೊನೆಗೆ ಸಾಫ್ಟ್‌ವೇರಿನ ಧ್ವನಿ ಕೇಳಿಸಿತು.

"ಚಾಲೂ ಆತ್ರಿ!" ಎಂದರು.

"ದಿನಾ ಹೀಗೇ ಕೂಗುತ್ತೆ ಬಸವರಾಜ್ ಅವ್ರೇ. ನಿಲ್ಸೋಕೆ, ಮಾನಿಟರ್ ಇದೆ ಅಂತ ಬೋರ್ಡನ್ನ ನಂಬ್ಸೋ ಒಂದು ಸಣ್ಣ ಪ್ಲಗ್ ಬರುತ್ತೆ, ಕಳಿಸ್ಲಾ?"

"ಬ್ಯಾಡ್ರಿ ಸರ. ಮನ್ಯಾಗ ಯಾರೂ ನನ್ನ ಮುಂದ ಕಣ್ಣಿನ ಸುದ್ದಿ ತಗ್ಯಂಗಿಲ್ಲ, ಅಳಂಗಿಲ್ಲ. ಅದಾದ್ರೂ ಒದರ್ಲಿ ಬಿಡ್ರಿ."

ಬಜೆಟ್ ಎಷ್ಟು, ಯಾವ ಪ್ರೊಸೆಸರ್ ಎಂದು ಈಗ ನಾನು ಮೊದಲು ಕೇಳುವುದಿಲ್ಲ. ಕಂಪ್ಯೂಟರ್ ಕೆಟ್ಟು ನಿಂತ ದಿನ ಅದರ ಮುಂದೆ ಯಾರು ಕೂತಿರುತ್ತಾರೆ ಎಂದು ಕೇಳುತ್ತೇನೆ. ಎಷ್ಟೋ ಜನ ನಗುತ್ತಾರೆ. ನಗಲಿ, ಉತ್ತರ ಬರುವವರೆಗೂ ನಾನು ಬೋರ್ಡಿನ ಡಬ್ಬ ಕೆಳಗಿಳಿಸುವುದಿಲ್ಲ.