ರತ್ನಿಯ ಕಾಲು ಮೊದಲ ಸಾಲಿಗೆ ಬಂದದ್ದು

ಹುಬ್ಬಳ್ಳಿ ಕಮರಿಪೇಟೆಯ ಕಸ್ತೂರೆವ್ವನಿಗೆ ಮಗಳು ರತ್ನಿಯ ಎಡಗಾಲು ಮುಟ್ಟಲಿಕ್ಕೇ ಹೆದರಿಕೆ. ಜ್ವರ ಬಿಟ್ಟಿತ್ತು, ಕಾಲು ಮಾತ್ರ ಹಿಂಡಿದ ಬಟ್ಟೆಯಂತೆ ಜೋಲುತ್ತಿತ್ತು. ಲಗೂ ಮುಂಬೈ ದವಾಖಾನೆಗೆ ಒಯ್ಯಿರಿ ಎಂದಿದ್ದರು ಡಾಕ್ಟರು. ಗಂಡ ಹುಲಗಪ್ಪ ದುಡಿಯುವ ಗಿರಣಿಯ ಸಾಹೇಬರು ಶಿಫಾರಸು ಕೊಡದೆ ಅಲ್ಲಿ ಹಾಸಿಗೆ ಸಿಗುವಂತಿರಲಿಲ್ಲ. ಸಾಹೇಬರಿಗೆ ಕನ್ನಡ ಬಾರದು.

ಅರ್ಜಿ ಬರೆಯುವ ಯಜ್ಞೇಶ್ವರ ಮಾಸ್ತರರು ಇಂಗ್ಲಿಷಿನಲ್ಲಿ ಹಾಳೆಯ ಎರಡೂ ಮಗ್ಗಲು ತುಂಬಿಸಿಕೊಟ್ಟರು. ತಿಂಗಳಾದರೂ ಉತ್ತರವಿಲ್ಲ. ಕೇಳಿದರೆ ಗುಮಾಸ್ತ, "ಮುಂದಿನ ಮಗ್ಗಲ ಓದಿ, ಛಲೋ ಆಶೀರ್ವಾದ ಮಾಡ್ಯಾರಂತ ಸಾಹೇಬ್ರು ನಕ್ಕರು" ಎಂದು ಅರ್ಜಿ ಹಿಂದಕ್ಕೆ ಕೊಟ್ಟ.

ಹುಬ್ಬಳ್ಳಿಯಲ್ಲೇ ಮ್ಯಾಟ್ರಿಕ್‌ವರೆಗೆ ಓದಿದ್ದ ಕಸ್ತೂರೆವ್ವ ಅದನ್ನು ಓದಿ ನೋಡಿದಳು. ಮುಂದಿನ ಮಗ್ಗಲ ತುಂಬ ಸಾಹೇಬರ ವಂಶದ ಹೊಗಳಿಕೆ, ಅದೂ ಒಂದೇ ವಾಕ್ಯ. ರತ್ನಿಯ ಕಾಲು ಹಿಂಬದಿಯ ಬುಡದಲ್ಲಿತ್ತು, ಅದೂ 'ದೇಹಾಲಸ್ಯ' ಎಂಬರ್ಥದ ದೊಡ್ಡ ಶಬ್ದದೊಳಗೆ.

"ಕೂಸಿನ ಸುದ್ದಿ ಇಷ್ಟು ಹಿಂದ್ಯಾಕ್ರಿ ಮಾಸ್ತರ?" ಎಂದು ಮಾಸ್ತರರ ಕಡೆಗೇ ಹೋಗಿ ಕೇಳಿದಳು.

"ಒಬ್ಬರ ಮನಿಗೆ ಹ್ವಾದ್ರ ಹೊಸ್ತಿಲದಾಗ ನಿಂತು ಕೆಲಸ ಹೇಳ್ತಿಯೇನವಾ? ಕುಂತು, ಚಹಾ ಕುಡದು, ಎದ್ದು ಹೊಂಡೂ ಮುಂದ ಹೇಳ್ತಿ."

ಅದು ಖರೆಯೇ. ಹೆಪ್ಪಿಗೆ ಮಜ್ಜಿಗೆ ಬೇಕಾದಾಗಲೂ ಅವಳು ಹಾಗೆಯೇ ಕೇಳಿದವಳು.

ಮನೆಗೆ ಬಂದು ತಾನೇ ಬರೆಯಲು ಕುಳಿತಳು. ಅವಳ ಪೆನ್ನೂ ಮೊದಲು ಹೊಗಳಿಕೆಗೇ ಹೋಯಿತು. ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳು: ನನ್ನ ಮಗಳಿಗೆ ನಿಲ್ಲಲು ಆಗುತ್ತಿಲ್ಲ. ಅವಳಿಗೆ ಎರಡು ವರ್ಷ. ಮುಂಬೈ ದವಾಖಾನೆಗೆ ಶಿಫಾರಸು ಕೊಡಿ.

ಮಾವ ಗಿರಿಯಪ್ಪ ಅರ್ಥ ಕೇಳಿ ಗಾಬರಿಯಾದ. "ಸಾಹೇಬ್ರಿಗೆ ಹುಕುಂ ಮಾಡಾಕತ್ತೀಯೇನು?"

"ಅವರು ಹಾಳಿ ಹೊಳ್ಳಿಸಿ ನೋಡೂದಿಲ್ರಿ ಮಾವಾರ."

"ಸಿಟ್ಟಿಗೆದ್ದು ನನ್ನ ಮಗನ ನೌಕರಿ ತಗದ್ರ?"

ಅವಳು ಹಾಳೆ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಬೆಳಿಗ್ಗೆ ಕೂಸನ್ನು ಬಗಲಲ್ಲಿ ಹೊತ್ತು ಗಿರಣಿಯ ಗೇಟಿನಲ್ಲಿ ನಿಂತಳು. ಸಾಹೇಬರು ನಿಂತಲ್ಲೇ ಓದಿದರು, ಕೂಸಿನ ಕಾಲು ನೋಡಿದರು, ಒಳಗೆ ಹೋಗಿ ಶಿಫಾರಸು ಬರೆದುಕೊಟ್ಟರು. ಅಷ್ಟೇ.

ಮುಂಬೈಯ ಡಾಕ್ಟರು ಕಾಲು ಒತ್ತಿ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ರತ್ನಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಊರಿಗೆ ಬಂದಳು.

ಮುಂದೆ ಇಸವಿ ಸಾವಿರದ ಒಂಬೈನೂರ ಅರವತ್ತೆರಡು ಅರವತ್ತಮೂರರ ಹೊತ್ತಿಗೆ ಓಣಿಯವರು ಅರ್ಜಿಗೆ ಕಸ್ತೂರೆವ್ವನ ಕಡೆಗೇ ಬರತೊಡಗಿದ್ದರು. ಒಂದು ಸಂಜೆ ನೆರೆಮನೆಯ ದೇವಕ್ಕ ಖಾಲಿ ಹಾಳೆ ಹಿಡಿದು ಬಂದು, "ಆರಾಮದೀ ಏನವಾ? ಮಳಿ ಎಲ್ಲಿ ಹೋತೋ ಏನೋ" ಎಂದು ಶುರುಮಾಡಿದಳು. ಒಳಗೆ ಪರಸಿಗಲ್ಲಿನ ನೆಲದ ಮೇಲೆ ರತ್ನಿಯ ಕಾಲಿನ ಕಬ್ಬಿಣ ಟಕ್ ಟಕ್ ಎನ್ನುತ್ತಿತ್ತು.

ಕಸ್ತೂರೆವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಚಹಾ ಆಮ್ಯಾಲ ಕೊಡ್ತೇನಿ ಕಾಕೂ. ಮೊದಲ ಏನಾಗೇತಿ ಅದನ್ನ ಹೇಳ್ರಿ."