ಮಾವ ಕೊಟ್ಟ ಬೇರಿನ ಕಟ್ಟು

ಫಿಜಿಯ ಕರಾವಳಿಯ ಹೋಟೆಲಿನಲ್ಲಿ ಮೆರೆವಾಲೇಸಿ ಹನ್ನೊಂದು ವರ್ಷ ಅತಿಥಿಗಳ ಹಾಸಿಗೆ ಬಟ್ಟೆ ಒಗೆದು ಮಡಿಸಿದಳು. ಕೆಲಸ ಕೆಟ್ಟದ್ದೇನಲ್ಲ, ಹೊಟ್ಟೆ ತುಂಬುತ್ತಿತ್ತು. ಆದರೆ ಅವಳ ಕಾಲು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಒಂದು ದಿನ ಅತಿಥಿಗಳನ್ನು ಬೆಟ್ಟಕ್ಕೆ ಕರೆದೊಯ್ಯುವವನು ಪಾದ ಉಳುಕಿಸಿಕೊಂಡು ಕೂತಾಗ, ಇವಳು ಒದ್ದೆ ಕೈ ಒರೆಸಿಕೊಂಡು "ನಾನು ಹೋಗ್ತೀನಿ" ಎಂದಳು. ಸಂಜೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಗುತ್ತಾ ಬಂದವಳನ್ನು ಕಂಡು ಮ್ಯಾನೇಜರೂ ಕರಗಿದ. "ನಾಳಿದ್ದು ಜಲಪಾತಕ್ಕೆ ಕರ್ಕೊಂಡು ಹೋಗಿ ಬಾ. ಸರಿಹೋದ್ರೆ ಈ ಕೆಲಸ ನಿಂದೇ. ಇಲ್ಲಾಂದ್ರೆ ಬಟ್ಟೆ ಇದ್ದೇ ಇದೆ."

ಜಲಪಾತ ಇದ್ದದ್ದು ಅವಳ ತಾಯಿಯ ತವರಿನಲ್ಲಿ. ಫಿಜಿಯಲ್ಲಿ ತಂಗಿಯ ಮಕ್ಕಳು ಕೋಳಿ ಹಿಡಿದುಕೊಂಡು ಹೋದರೂ, ಚಾಪೆ ಸುತ್ತಿಕೊಂಡು ಹೋದರೂ ಸೋದರಮಾವ ನಗಬೇಕೇ ಹೊರತು ಕೇಳುವಂತಿಲ್ಲ. ಮೆರೆವಾಲೇಸಿ ಆ ಸಲಿಗೆಯಲ್ಲೇ ಬೆಳೆದವಳು. ಹಾಗಾಗಿ ಹೊರಗಿನವರು ಅಪ್ಪಣೆ ಕೇಳುತ್ತಾ ಊರ ಹಿರಿಯನಿಗೆ ಒಪ್ಪಿಸಬೇಕಾದ, ಅರೆದು ಪಾನೀಯ ಮಾಡುವ ಯಂಗೋನಾ ಬೇರಿನ ಕಟ್ಟನ್ನು ಅವಳು ತರಲೇ ಇಲ್ಲ. ತಾಯಿಯ ತವರಿಗೆ ಯಾರಾದರೂ ಅಪ್ಪಣೆ ಕೇಳಿ ಹೋಗುತ್ತಾರೆಯೇ?

ಆರು ಅತಿಥಿಗಳೊಂದಿಗೆ ಅವಳು ಊರು ಮುಟ್ಟಿದಾಗ ಹಿರಿಯ ಇಸಿಕೇಲಿ, ಅವಳ ಸೋದರಮಾವ, ದಾರಿಗೆ ಅಡ್ಡವಾಗಿ ಕೂತಿದ್ದ. ನಗಲಿಲ್ಲ.

"ಮಾವಾ, ನಾನು!"

"ನೀನು ಅಂತ ಕಾಣ್ತದೆ, ಕಣ್ಣಿನ್ನೂ ಹೋಗಿಲ್ಲ. ಇವರು ಯಾರು?"

"ನನ್ನ ಜೊತೆ ಬಂದೋರು."

"ನೀನು ನನ್ನ ಹಂದೀನೇ ಹೊಡ್ಕೊಂಡು ಹೋಗು, ಬೇಡ ಅಂದ್ರೆ ಕೇಳು. ಆದ್ರೆ ಇವರು ನನ್ನ ತಂಗಿ ಹೊಟ್ಟೇಲಿ ಹುಟ್ಟಿಲ್ವಲ್ಲ! ನಾಳೆ ಹೊಳೆ ಉಕ್ಕಿದ್ರೆ ಯಾರ ಮನೆಯವರು ಅಂತ ನಾವು ಓಡಿ ಬರ್ಬೇಕು?"

ಮೆರೆವಾಲೇಸಿ ಬಂದ ದಾರಿಯತ್ತ ತಿರುಗಿ ನೋಡಿದಳು. ಹಿಂದಿರುಗಿದರೆ ಮತ್ತೆ ಬಟ್ಟೆಯ ರಾಶಿಯೇ ಗತಿ. ಅದಕ್ಕಿಂತ ನೋವಿನ ಸಂಗತಿಯೆಂದರೆ ಮಾವನ ಮಾತು ಸರಿಯಾಗಿತ್ತು. ಟೋಪಿ ತೆಗೆದು ಮಣ್ಣಲ್ಲೇ ಕೂತಳು. ಅತಿಥಿಗಳನ್ನೂ ಕೂರಿಸಿದಳು.

"ತಪ್ಪಾಯ್ತು ಮಾವಾ. ವಾಪಸ್ ಕರ್ಕೊಂಡು ಹೋಗ್ತೀನಿ."

ಇಸಿಕೇಲಿ ಎದ್ದು ಮನೆಯೊಳಗೆ ಹೋದ. ಒಂದು ಕಟ್ಟು ಯಂಗೋನಾ ಬೇರು ತಂದು ಅವಳ ಮಡಿಲಿಗೆ ಹಾಕಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಹೂಂ, ಈಗ ನನಗೆ ಕೊಡು."

"ನಿಮ್ಮದನ್ನ ನಿಮಗೇನಾ?"

"ಮಾವನ ಮನೇದು ತಗೊಳ್ಳೋಕೆ ಯಾವಾಗಿಂದ ನಾಚಿಕೆ ನಿಂಗೆ? ಬೇಗ ಹೇಳು, ಮಳೆ ಬರೋ ಹಾಗಿದೆ."

ಒಪ್ಪಿಸುವ ಮಾತು ಗಂಡಸರೇ ಆಡುವಂಥದ್ದು. ಅವಳು ಎಂದೂ ಆಡಿರಲಿಲ್ಲ. ತಡವರಿಸುತ್ತಾ ಆರೂ ಜನರ ಹೆಸರು, ಅವರವರ ಊರು ಹೇಳಿದಳು. "ಇವರ ಜೀವಕ್ಕೆ ನಾನು ಹೊಣೆ" ಎಂದಳು. ಹೇಳಿದ ಮೇಲೆ ಎದೆ ತುಂಬಿ ಬಂತು. ಇಷ್ಟು ವರ್ಷ ಅವಳಿಗೆ ಬೇಕಾಗಿದ್ದದ್ದು ಈ ಹೊಣೆಯೇ.

ಇಸಿಕೇಲಿ ಬೇರಿನ ಕಟ್ಟು ಮುಟ್ಟಿ, ಮೂರು ಸಲ ಚಪ್ಪಾಳೆ ತಟ್ಟಿ ಸ್ವೀಕರಿಸಿದ. ದಾರಿ ಬಿಟ್ಟು ನಿಂತು ಅತಿಥಿಗಳಿಗೆ ತನ್ನ ಭಾಷೆಯಲ್ಲೇ ಹೇಳಿದ: "ಇವಳು ನಿಲ್ಲಿ ಅಂದ್ರೆ ನಿಲ್ಲಿ, ನಡೀರಿ ಅಂದ್ರೆ ನಡೀರಿ. ಈ ಬೆಟ್ಟದಲ್ಲಿ ಇವಳ ಮಾತೇ ನನ್ನ ಮಾತು."

ಏನೆಂದರು ಎಂಬಂತೆ ಆರೂ ಜನ ಮೆರೆವಾಲೇಸಿಯ ಕಡೆ ತಿರುಗಿದರು. ಅವಳು ಟೋಪಿ ಕೈಯಲ್ಲೇ ಹಿಡಿದು ಎದ್ದು, "ನಡೀರಿ" ಎಂದಳು.