ಎಡಕ್ಕೆ ಬಿದ್ದ ಸೇವಂತಿಗೆ

ದೇವರ ಮೇಲೆ ಹೂವಿಟ್ಟು ಪ್ರಸಾದ ಕೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಎಲ್ಲ ಹೂವಿನ ತೂಕ, ನೀರಿನ ಪಸೆ ಎಂದು ಮುದ್ದೇಬಿಹಾಳದ ನನ್ನ ಹೈಸ್ಕೂಲಿನಲ್ಲಿ ಮಕ್ಕಳಿಗೂ ಹೇಳುತ್ತಿದ್ದೆ. ವಿಜ್ಞಾನದ ಮಾಸ್ತರ ನೋಡಿ, ಸೊಕ್ಕಿತ್ತು.

ಅಕ್ಕನ ಮನೆ ದೇವರ ಹಿಪ್ಪರಗಿಯಲ್ಲಿ. ಅವಳ ಗಂಡನಿಗೆ, ನಮ್ಮ ಮಾಮಾನಿಗೆ, ಹಿಂದೆಯೇ ಬೈಪಾಸ್ ಆಗಿತ್ತು. ಕಾಲಿನಿಂದ ತೆಗೆದು ಹೃದಯಕ್ಕೆ ಜೋಡಿಸಿದ್ದ ರಕ್ತನಾಳ ಮೂರು ವರ್ಷದ ಕೆಳಗೆ ಕಟ್ಟಿಕೊಳ್ಳತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದು ಕೂಡುತ್ತಿದ್ದರು.

"ಬಲೂನ್ ಹಾಕಿ ಅಗಲ ಮಾಡಿ ಸ್ಟೆಂಟ್ ಕೂಡಿಸಬಹುದ್ರಿ. ಹಳೇ ನಾಳ, ಅಪಾಯ ಐತಿ. ಇಲ್ಲಂದ್ರ ಗುಳಿಗಿ ಮ್ಯಾಲೆ ದಿನಾ ನೂಕಬೇಕು" ಎಂದರು ಡಾಕ್ಟರು. ಮಾಮಾ ಅದನ್ನು ಅಕ್ಕನಿಗೆ ಬಿಟ್ಟರು. ಅಕ್ಕ ಮನೆದೇವರು ವೀರಭದ್ರನಿಗೆ ಬಿಟ್ಟಳು.

ನಾನು ಅಲ್ಲಿಗೆ ಹೋಗಿದ್ದ ಸೋಮವಾರ ಮುಂಜಾನೆ, ಸ್ಟೆಂಟ್ ಹಾಕಿಸಲೇನಪಾ ಎಂದು ಕೇಳಿ, ಹಿತ್ತಾಳೆ ಮೂರ್ತಿಯ ನೆತ್ತಿಯ ಮೇಲೆ ಸೇವಂತಿಗೆ ಇಟ್ಟು, "ತಮ್ಮಾ, ನೋಡ್ಕೋತ ಕೂಡು, ಹಾಲು ಇಳಿಸಿ ಬರ್ತೇನಿ" ಎಂದು ಅಡುಗೆಮನೆಗೆ ಹೋದಳು. ಹೂ ಎಡಕ್ಕೆ ಬಿತ್ತು. ನನಗೆ ಸಿಟ್ಟು ಬಂತು. ಒಂದು ಹೂವಿಗಾಗಿ ಮನುಷ್ಯನನ್ನು ಸಾಯಲು ಬಿಡುವುದೇ? ಎತ್ತಿ ಬಲಕ್ಕಿಟ್ಟೆ. ಬಾಗಿಲತ್ತ ನೋಡಿ ತಿರುಗುವಷ್ಟರಲ್ಲಿ ಹೂ ಮತ್ತೆ ಎಡಕ್ಕಿತ್ತು. ಆ ಕೋಣೆಗೆ ಫ್ಯಾನಿಲ್ಲ, ಕಿಟಕಿಯೂ ಇಲ್ಲ. ಆದರೂ ಮತ್ತೆ ಬಲಕ್ಕಿಟ್ಟು, ಅಕ್ಕನ ಹೆಜ್ಜೆ ಕೇಳುವ ತನಕ ಬೆರಳಿನಿಂದ ಒತ್ತಿ ಹಿಡಿದೆ.

"ಬಲಕ್ಕ ಕೊಟ್ಟಾನ ನೋಡಕ್ಕಾ" ಎಂದೆ.

ಅಕ್ಕ ದೇವರಿಗೆ ಅಡ್ಡಬಿದ್ದು ಅತ್ತಳು. ಅಂದೇ ಮಾಮಾನನ್ನು ಆಸ್ಪತ್ರೆಗೆ ಸೇರಿಸಿದೆವು.

ಮೂರನೆಯ ದಿನ, ಬಲೂನು ಹಿಗ್ಗಿಸಿದಾಗ ಹಳೆಯ ನಾಳದೊಳಗಿನ ಕೊಬ್ಬು ಕಳಚಿ, ಮುಂದೆ ಹೋಗಿ ಸಿಕ್ಕಿಕೊಂಡಿತಂತೆ. ಮಾಮಾ ಟೇಬಲ್ಲಿನ ಮೇಲೆಯೇ ಹೋದರು. ಮಾಡಿಸದಿದ್ದರೂ ಬಹಳ ದಿನ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಬಹಳ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೂ ಹೇಗೆ ಸರಿಯಿತು? ಹಲ್ಲಿ ಇರಬೇಕು ಎಂದುಕೊಂಡೆ, ನನ್ನ ಕೈಯೇ ತಾಗಿರಬೇಕು ಎಂದುಕೊಂಡೆ. ಮಕ್ಕಳಿಗೆ ಹೇಳುವಂಥ ಒಂದು ಉತ್ತರವೂ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ದಿನಕರ್ಮ ಮುಗಿದ ಮರುದಿನ ಅಕ್ಕ ವೀರಭದ್ರನನ್ನು ದೇವರ ಜಗಲಿಯಿಂದ ಕಿತ್ತು ಗೋಣಿಚೀಲಕ್ಕೆ ತುರುಕಿದಳು. "ಸುಳ್ಳ ಹೇಳಿ ನನ್ನ ಗಂಡನ್ನ ಕೊಂದಾನ ಇಂವ. ಒಯ್ದು ಹಾಳಬಾವಿಗೆ ಒಗದು ಬಾ ತಮ್ಮಾ" ಎಂದಳು.

ನಾನು ಚೀಲ ಹೆಗಲಿಗೇರಿಸಿದೆ. ಒಯ್ದು ಒಗೆದು ಬಂದೆ.